ಒದ್ದೆ ಗೂಡಿನಲ್ಲೇ ಬೆಳೆದ ನನ್ನ ಆಮೆಮರಿ

"ಏನಯ್ಯಾ, ಆಮೆನ ಹಬೆಯಲ್ಲಿ ಬೇಯಿಸೋಕೆ ಹೊರಟಿದ್ದೀಯಾ?"

ನನ್ನ ಗೂಡಿನ ಬಾಗಿಲು ಸರಿಸಿದ ಕೂಡಲೇ ಗೆಳೆಯ ಕೇಳಿದ್ದು ಇದನ್ನೇ. ಅವನ ಕನ್ನಡಕದ ಮೇಲೆ ಆವಿ ಕೂತಿತ್ತು. ಹದಿನೈದು ವರ್ಷದಿಂದ ಆಮೆ ಸಾಕುತ್ತಿರುವವನು ಅವನು. ನನ್ನ ಮರಿ ಸಲ್ಕಾಟಾ ಅನ್ನುವ ಆಫ್ರಿಕಾದ ನೆಲದ ಆಮೆ ಜಾತಿಯದ್ದು. ಸಲ್ಕಾಟಾ ಅಂದರೆ ಮರಳುಗಾಡಿನ ಅಂಚಿನ ಪ್ರಾಣಿ, ಒಣ ಜಾಗವೇ ಬೇಕು, ಒದ್ದೆಯಲ್ಲಿಟ್ಟರೆ ತಿಂಗಳೊಳಗೆ ಹೊಟ್ಟೆ ಕಡೆಯ ಚಿಪ್ಪು ಕೊಳೆಯುತ್ತೆ, ಮೂಗು ಸುರಿಯುತ್ತೆ ಅಂದ. ಜೊತೆಗಿದ್ದ ಇನ್ನಿಬ್ಬರೂ ಹೌದು ಹೌದು ಅಂತ ತಲೆಯಾಡಿಸಿದರು.

ಅದಾಗಿ 10 ತಿಂಗಳು ಕಳೆದಿದೆ. ಬಂದಾಗ ಸುಮಾರು 35 ಗ್ರಾಂ ಇದ್ದ ಮರಿ ಈಗ 500 ಗ್ರಾಂ ದಾಟಿದೆ. ಚಿಪ್ಪಿನ ಮೇಲೆ ಬೆಳವಣಿಗೆಯ ಗೆರೆ ಬಿಟ್ಟರೆ ಒಂದು ಉಬ್ಬೂ ಇಲ್ಲ. ಮೂಗು ಒಂದು ದಿನವೂ ಸುರಿದಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬಲ್ಬ್, ಥರ್ಮೋಸ್ಟಾಟ್, ಯುವಿ ಟ್ಯೂಬು ಅಂದರೆ ಏನು ಅಂತ ಇಲ್ಲಿ ವಿವರಿಸಲು ಹೋಗುವುದಿಲ್ಲ. ಆಮೆ ಸಾಕುವವರಿಗೆ ಅದೆಲ್ಲ ಗೊತ್ತಿರುತ್ತೆ. ನಾನು ಎಲ್ಲೆಲ್ಲಿ ಎಡವಿದೆ, ದುಡ್ಡು ಎಲ್ಲಿ ಸುರಿದೆ, ಅದನ್ನು ಹೇಳುತ್ತೇನೆ.

ಮೊದಲ ಮರಿ ನನ್ನ ಕೈಯಲ್ಲಿ ಉಳಿಯಲಿಲ್ಲ. ಅದು ಕೂಡ ಸಲ್ಕಾಟಾ ಮರಿಯೇ. ಕಾಗದಪತ್ರ ಸರಿಯಾಗಿದ್ದ, ಸಾಕಣೆಯಲ್ಲೇ ಮೊಟ್ಟೆಯೊಡೆದ ಮರಿ. ಎಲ್ಲರೂ ಹೇಳಿದ ಹಾಗೆ ಮೇಲೆ ತೆರೆದಿದ್ದ ಅಗಲದ ಪೆಟ್ಟಿಗೆ ಮಾಡಿದೆ. ಒಣ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ಹಾಸಿದೆ, ಒಂದು ಮೂಲೆಗೆ ದೀಪ ಇಟ್ಟೆ. ತೇವ ನೋಡಲು ಒಂದು ಡಯಲ್ ಮೀಟರ್ ಅಂಟಿಸಿದೆ. ಅದು ಯಾವಾಗಲೂ 60 ತೋರಿಸುತ್ತಿತ್ತು. ಸಾಕಲ್ವಾ ಅಂತ ನಿಶ್ಚಿಂತೆಯಾಗಿದ್ದೆ.

ಮರಿ ತಿನ್ನುತ್ತಿತ್ತು, ತೂಕ ಮಾತ್ರ ಏರುತ್ತಿರಲಿಲ್ಲ. 38 ಗ್ರಾಂ, 39, ಮತ್ತೆ 38. ಏಳನೇ ವಾರದ ಹೊತ್ತಿಗೆ ಮಧ್ಯಾಹ್ನವೂ ಕಣ್ಣು ಮುಚ್ಚಿಕೊಂಡೇ ಇರುತ್ತಿತ್ತು. ಆಮೆ ಮೂತ್ರದ ಜೊತೆ ಬಿಡುವ ಬಿಳಿ ಪದಾರ್ಥ ಇದೆಯಲ್ಲ, ಅದನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಟೂತ್‌ಪೇಸ್ಟ್ ಹಾಗೆ ಮೆತ್ತಗಿರಬೇಕಾದದ್ದು ಸಣ್ಣ ಮರಳಿನ ಹಾಗೆ ಗರಗರ ಅಂತಿತ್ತು. ಒಳಗೆ ನೀರೇ ಇರಲಿಲ್ಲ ಅದಕ್ಕೆ. ಡಾಕ್ಟರ ಹತ್ತಿರ ಓಡುವಷ್ಟರಲ್ಲಿ ಮೂತ್ರಪಿಂಡ ಕೈಕೊಟ್ಟಿತ್ತು. 11ನೇ ವಾರ ಸತ್ತುಹೋಯಿತು.

ಆಮೇಲೆ ಒಂದು ರಾತ್ರಿ ಆ ಡಯಲ್ ಮೀಟರಿನ ಮೇಲೆ ಅನುಮಾನ ಬಂತು. ಒಂದು ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ, ಗಟ್ಟಿ ಹಿಟ್ಟಿನ ಹದಕ್ಕೆ ನೀರು ಸೇರಿಸಿದೆ. ಮುಚ್ಚಳ, ಮೀಟರ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟೆ. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವ ಶೇ. 75ರ ಹತ್ತಿರ ನಿಲ್ಲುತ್ತೆ. ಬೆಳಿಗ್ಗೆ ನೋಡಿದರೆ ಮೀಟರ್ 90 ಅಂತಿದೆ! ಅಂದರೆ 60 ಅಂತ ನಂಬಿಕೊಂಡು ಕೂತಿದ್ದಾಗ ನಿಜವಾಗಿ ಇದ್ದದ್ದು 45ರ ಆಸುಪಾಸು. ದೀಪದ ಕೆಳಗೆ ಇನ್ನೂ ಕಡಿಮೆ. ಆವತ್ತೇ ಅದನ್ನು ಕಸಕ್ಕೆ ಹಾಕಿ, ಉದ್ದ ವೈರಿನ ತುದಿಗೆ ಪ್ರೋಬ್ ಇರುವ ಡಿಜಿಟಲ್ ಮೀಟರ್ ಎರಡು ತಂದೆ. ಅವನ್ನೂ ಉಪ್ಪಿನ ಡಬ್ಬಿಗೆ ಹಾಕಿ ನೋಡಿಯೇ ಬಳಸಿದ್ದು.

ಎರಡನೇ ಸಲ ಗಾಜಿನ ತೊಟ್ಟಿ ಕೊಂಡೆ. ದೀಪಗಳು ತೊಟ್ಟಿಯ ಮೇಲೆ, ಸುತ್ತ ಖಾಲಿ ಬಿಟ್ಟ ಜಾಗಕ್ಕೆ ಅಲ್ಯೂಮಿನಿಯಂ ಫಾಯಿಲ್. ಇದು ಎಷ್ಟು ಒದ್ದಾಟ ಅಂದರೆ, ಬಲ್ಬಿನ ಸುತ್ತಲ ಸಂದೇ ಚಿಮಣಿಯ ಹಾಗಾಗಿ ಬಿಸಿಗಾಳಿ, ಆವಿ ಎರಡನ್ನೂ ಎಳೆದು ಹೊರಗೆ ಬಿಡುತ್ತಿತ್ತು. ದಿನಕ್ಕೆ ಆರು ಸಲ ನೀರು ಚಿಮುಕಿಸಿದರೂ ಒಂದು ಗಳಿಗೆ 90, ಇನ್ನೊಂದು ಗಳಿಗೆ 40. ಅದೃಷ್ಟಕ್ಕೆ ಆ ತೊಟ್ಟಿಗೆ ಮರಿಯನ್ನು ಬಿಟ್ಟಿರಲಿಲ್ಲ. ಈಗ ಅದರಲ್ಲಿ ಸಸಿ ಬೆಳೆಸುತ್ತಿದ್ದೇನೆ.

ದೀಪಗಳೂ ಪೆಟ್ಟಿಗೆಯ ಒಳಗೇ ಇರಬೇಕು, ಪೆಟ್ಟಿಗೆ ಪೂರ್ತಿ ಮುಚ್ಚಿರಬೇಕು ಅನ್ನುವುದು ತಲೆಗೆ ಹೊಳೆದದ್ದು ಆಗಲೇ. ನಾನೇ ಕಂಡುಹಿಡಿದದ್ದೇನಲ್ಲ, ಮುಂಚೆಯೂ ಮಾಡಿದವರಿದ್ದಾರೆ. ಆದರೆ ನನಗೆ ಗೊತ್ತಿದ್ದವರಲ್ಲಿ ಯಾರೂ ಮಾಡಿರಲಿಲ್ಲ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಮುಂದೆ ಸರಿಯುವ ಎರಡು ಗಾಜು. ಪ್ಲೈವುಡ್ಡಿನಲ್ಲಿ ಮಾಡಿಸಿದೆ. ಒಳಗೆ ಅಗ್ಗದ ಬಣ್ಣ ಒಂದೇ ಕೈ ಹೊಡೆದು ದುಡ್ಡು ಉಳಿಸಿದೆ ಅಂದುಕೊಂಡೆ. ಎರಡು ತಿಂಗಳಿಗೆ ಕೆಳಗಿನ ಹಲಗೆ ಉಬ್ಬಿ, ಗಾಜು ಸರಿಯುವ ಜಾಡು ಬಾಗಿ, ಬಾಗಿಲು ಸಿಕ್ಕಿಹಾಕಿಕೊಂಡಿತು. ಬಣ್ಣದಲ್ಲಿ ಉಳಿಸಿದ್ದರ ಹತ್ತು ಪಟ್ಟು ಅಲ್ಲಿ ಹೋಯಿತು. ಕೊನೆಗೆ ಅದೇ ಅಳತೆಯಲ್ಲಿ ಪಿವಿಸಿ ಫೋಮ್ ಹಲಗೆಯ ಪೆಟ್ಟಿಗೆ ಮಾಡಿದೆ. ಮೂಲೆಗಳಿಗೆ ಸಿಲಿಕಾನ್ ಹಾಕಿ, ವಾಸನೆ ಪೂರ್ತಿ ಹೋಗುವ ತನಕ ಎರಡು ವಾರ ಬಾಗಿಲು ತೆಗೆದೇ ಇಟ್ಟಿದ್ದೆ. ಇವತ್ತಿಗೂ ಒಂದು ಹನಿ ಸೋರಿಲ್ಲ.

ಲೆಕ್ಕ ನೆನಪಿನಿಂದ ಹೇಳುವುದಾದರೆ, ಮರಿಗೆ ಕೊಟ್ಟದ್ದರ ನಾಲ್ಕು ಪಟ್ಟಿಗಿಂತ ಜಾಸ್ತಿ ಗೂಡಿಗೆ ಖರ್ಚಾಗಿದೆ. ಕೆಟ್ಟು ಮೂಲೆ ಸೇರಿದ ಪೆಟ್ಟಿಗೆಗಳನ್ನೂ ಸೇರಿಸಿದರೆ ಏಳು ಪಟ್ಟು. ಮನೆಯಲ್ಲಿ ಕೇಳಿದಾಗ ನಾಲ್ಕು ಅಂತಲೇ ಹೇಳುತ್ತೇನೆ. ಜಿಪುಣತನ ಮಾಡಬಾರದ ಜಾಗ ಎರಡು: ಥರ್ಮೋಸ್ಟಾಟು, ಯುವಿ ಟ್ಯೂಬು. ಉಳಿತಾಯವೂ ಇದೆ. ತೆರೆದ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ಸೆರಾಮಿಕ್ ಹೀಟರು ಇಲ್ಲಿ ಆಗಾಗ ಹತ್ತಿ ಆರುತ್ತೆ, ಅಷ್ಟೆ.

ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಯ ಲೆಕ್ಕವೇ ಬೇರೆ. ಮೊದಲ ದಿನ ಹಳೇ ಅಭ್ಯಾಸದಂತೆ 100 ವಾಟಿನ ಬಲ್ಬ್ ಹಾಕಿದೆ. ಎರಡು ಗಂಟೆಯಲ್ಲಿ ತಂಪು ಮೂಲೆಯೇ 38 ಡಿಗ್ರಿ! ಮರಿ ಒಳಗಿದ್ದಿದ್ದರೆ ಗೆಳೆಯ ಹೇಳಿದ್ದೇ ಆಗಿಬಿಡುತ್ತಿತ್ತು. ಅದಕ್ಕೇ ಖಾಲಿ ಪೆಟ್ಟಿಗೆಯನ್ನು 10 ದಿನ ಓಡಿಸಿ ನೋಡಿದೆ. ಬಲ್ಬನ್ನು 50 ವಾಟಿಗೆ ಇಳಿಸಿದೆ. ಯುವಿ ಟ್ಯೂಬಿನ ಬಿಸಿಯೇ 2-3 ಡಿಗ್ರಿ ಸೇರಿಸುತ್ತೆ ಅನ್ನುವುದು ಆಗ ತಿಳಿಯಿತು. ಈಗ ಬಲ್ಬಿನ ಕೆಳಗಿನ ಚಪ್ಪಡಿ ಕಲ್ಲಿನ ಮೇಲೆ 36 ಇರುತ್ತೆ, ಉಳಿದ ಕಡೆ ಹಗಲು 29-31. ರಾತ್ರಿ 27ಕ್ಕಿಂತ ಕೆಳಗೆ ಬಿಡುವುದಿಲ್ಲ. ತೇವ 80ರ ಮೇಲೆ.

ರಾತ್ರಿಯ ಆ 27ರಲ್ಲೇ ಎಲ್ಲ ಇರುವುದು. ಒದ್ದೆ ಮಾತ್ರದಿಂದ ಮರಿಗೆ ಕಾಯಿಲೆ ಬರುವುದಿಲ್ಲ. ಒದ್ದೆಯ ಜೊತೆ ಚಳಿ ಸೇರಿದರೆ ಬರುತ್ತೆ. ಗೆಳೆಯ ನೋಡಿದ್ದ ಮೂಗು ಸುರಿಯುವ ಮರಿಗಳೆಲ್ಲ ರಾತ್ರಿ ತಣ್ಣಗಾಗುವ ಒದ್ದೆ ಪೆಟ್ಟಿಗೆಯಲ್ಲಿದ್ದವು. ಹೀಟರ್ ಇಟ್ಟು ಅವನು ಒಮ್ಮೆಯೂ ನೋಡಿರಲಿಲ್ಲ. ಇನ್ನು ಮರಳುಗಾಡಿನ ಮಾತು. ದೊಡ್ಡ ಸಲ್ಕಾಟಾ ಅಲ್ಲಿ ಬಿಸಿಲಲ್ಲಿ ಬಿದ್ದುಕೊಂಡಿರುವುದಿಲ್ಲ, ಬಿಲ ತೋಡಿ ಒಳಗೆ ಸೇರುತ್ತೆ. ಬಿಲದೊಳಗಿನ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ. ಚಿಪ್ಪು ಉಬ್ಬುವುದಕ್ಕೆ ಜಾಸ್ತಿ ಪ್ರೋಟೀನೇ ಕಾರಣ ಅಂತ ಗೆಳೆಯ ವಾದ ಮಾಡುತ್ತಿದ್ದ. 2003ರಲ್ಲಿ ಸಲ್ಕಾಟಾ ಮರಿಗಳ ಮೇಲೇ ನಡೆಸಿದ ಒಂದು ಅಧ್ಯಯನ ಪ್ರಕಟವಾಗಿತ್ತು. ಒಣ ಗಾಳಿಯಲ್ಲಿ ಬೆಳೆದ ಮರಿಗಳ ಚಿಪ್ಪೇ ಜಾಸ್ತಿ ಉಬ್ಬಿತ್ತು, ಪ್ರೋಟೀನಿನ ಪಾತ್ರ ಅಷ್ಟಿರಲಿಲ್ಲ ಅಂತ ಅದರಲ್ಲಿದೆ. ಅದನ್ನು ತೋರಿಸಿದೆ. "ಕಾಗದದ ಮೇಲೆ ಏನು ಬೇಕಾದರೂ ಬರೀಬಹುದು" ಅಂದ.

ಹಾಸಿನ ವಿಷಯಕ್ಕೆ ಬರೋಣ. ಕೆಳಗೆ ಒದ್ದೆ ಕೊಕೊಪೀಟನ್ನು ಕೈಯಲ್ಲಿ ಒತ್ತಿ ಒತ್ತಿ ಗಟ್ಟಿ ಮಾಡಿದ ಪದರ. ಮೇಲೆ ಆರ್ಕಿಡ್ ಕುಂಡಕ್ಕೆ ಹಾಕುವ ಸಣ್ಣ ಚಕ್ಕೆಯ ಮರದ ತೊಗಟೆ. ನೀರನ್ನು ಮೂಲೆಯಲ್ಲಿ ಸುರಿಯುತ್ತೇನೆ, ಮೇಲಿಂದ ಚಿಮುಕಿಸುವುದಿಲ್ಲ. ತಳ ಒದ್ದೆ, ಮೇಲ್ಪದರ ಆರಿದ ಹಾಗೆ ಇರುತ್ತೆ. ಹೊಟ್ಟೆಯ ಚಿಪ್ಪು ಕೊಳೆಯದಿರುವ ಗುಟ್ಟು ಇದೇ. ಕೊಕೊಪೀಟಿನ ಕೆಳಗೆ ಇನ್ನೊಂದು ಪದರ ಇದೆ. ಅದೇನು, ಎಷ್ಟು ದಪ್ಪ ಅಂತ ಇಲ್ಲಿ ಹೇಳುವುದಿಲ್ಲ. ನಾಲ್ಕು ಸಲ ಹಾಸು ಕಿತ್ತು ಹಾಕಿ ಕಲಿತದ್ದು, ಸುಮ್ನೆ ಕೊಟ್ಟುಬಿಡಲು ಮನಸ್ಸು ಬರುತ್ತಿಲ್ಲ.

ನೀರಿಗೆ ಹೂಕುಂಡದ ಕೆಳಗಿಡುವ ಮಣ್ಣಿನ ತಟ್ಟೆ, ಅಂಚು ನೆಲಕ್ಕೆ ಸಮವಾಗುವ ಹಾಗೆ ಹೂತಿದ್ದೇನೆ. ಅಂಗಡಿಯಲ್ಲಿ ಸಿಗುವ ಕಲ್ಲಿನಾಕಾರದ ಬಟ್ಟಲು ಚೆಂದ ಕಾಣುತ್ತೆ, ಆದರೆ ಅದರ ಇಳಿಜಾರಿಗೆ ಮರಿ ಅಂಗಾತ ಬಿದ್ದರೆ ಮುಳುಗಿಯೇ ಹೋಗುತ್ತೆ. ಅಡಗಲು ಕಪ್ಪು ಪ್ಲಾಸ್ಟಿಕ್ ಟಬ್ಬು ಬೋರಲು ಹಾಕಿ ಬಾಗಿಲು ಕೊಯ್ದಿದ್ದೇನೆ. ಯುವಿ ಟ್ಯೂಬು ನಡು ಹಗಲು ನಾಲ್ಕು ಗಂಟೆ ಮಾತ್ರ. ದಿನವೂ ಬೆಳಿಗ್ಗೆ ಅರ್ಧ ಗಂಟೆ ಉಗುರುಬೆಚ್ಚಗಿನ ನೀರಲ್ಲಿ ಕೂರಿಸುತ್ತೇನೆ. ಹೇಲು, ಉಚ್ಚೆ ಎಲ್ಲ ಅಲ್ಲೇ ಮುಗಿಯುವುದರಿಂದ ಗೂಡು ನಾರುವುದಿಲ್ಲ.

ಕೆಂಪು ಬಲ್ಬಿನದ್ದೂ ಒಂದು ಕಥೆ ಇದೆ. ರಾತ್ರಿ ಮರಿಯನ್ನು ನೋಡಲು ಅಂತ ಒಂದು ವಾರ ಹಾಕಿದ್ದೆ. ಆಮೆಗೆ ಬಣ್ಣ ಕಾಣುತ್ತೆ, ಕೆಂಪು ಬೆಳಕಲ್ಲಿ ತೊಗಟೆಯೆಲ್ಲ ತಿಂಡಿಯ ಹಾಗೆ ಕಂಡಿರಬೇಕು. ಚಕ್ಕೆ ಕಚ್ಚಿ ಕಚ್ಚಿ ನೋಡುತ್ತಿತ್ತು. ತೆಗೆದೆ, ನಿಲ್ಲಿಸಿತು.

ಗೂಡಲ್ಲೇ ಹುಲ್ಲು ಬೆಳೆಸುವ ಆಸೆಯೂ ಆಯಿತು. ಬೀಜ ನಾಲ್ಕೇ ದಿನಕ್ಕೆ ಮೊಳೆತವು, ಇನ್ನು ನಾಲ್ಕು ದಿನಕ್ಕೆ ಬೂಷ್ಟು ಹಿಡಿದು ಮಲಗಿದವು. ಪಾಚಿ ಹಾಕಿದೆ, ಮರಿ ಅದನ್ನೇ ತಿನ್ನಲು ಹೋಯಿತು. ಒಂದು ಬೆಳಿಗ್ಗೆ ಟಬ್ಬಿನ ಪಕ್ಕದಲ್ಲಿ ಹಳದಿ ಅಣಬೆಗಳು ಎದ್ದಿದ್ದವು. ಮರಿ ಮೂತಿ ಹಾಕುವ ಮೊದಲೇ ಕಿತ್ತೆ. ಆಮೇಲೆ ಕುಂಡ ಎತ್ತಿದರೆ ಉಂಡೆಯಾಗುವ ಬೂದು ಹುಳ ಇದೆಯಲ್ಲ, ಐಸೋಪಾಡ್, ಅದನ್ನು ಒಂದು ಹಿಡಿ ಬಿಟ್ಟೆ. ಜೊತೆಗೆ ಒದ್ದೆ ಮಣ್ಣಲ್ಲಿ ಪುಟಿಯುವ ಪುಟಾಣಿ ಹುಳ, ಸ್ಪ್ರಿಂಗ್‌ಟೇಲ್. ನನ್ನ ಅಡ್ಡ ಪ್ರಯೋಗಗಳಲ್ಲಿ ಗೆದ್ದದ್ದು ಇದೊಂದೇ. ಬಿದ್ದ ಸೊಪ್ಪಿನ ಚೂರು, ಬೂಷ್ಟು ಎಲ್ಲ ಅವೇ ತಿಂದು ಮುಗಿಸುತ್ತವೆ. ಹಾಸು ಬದಲಿಸಿ ಆರು ತಿಂಗಳಾಯಿತು. ಮೂಸಿದರೆ ಮಳೆ ನಿಂತ ಮೇಲಿನ ಮಣ್ಣಿನ ವಾಸನೆ, ಅಷ್ಟೆ.

ಇದು ಫಲಿಸುತ್ತೆ ಅಂತ ನನಗೆ ಖಾತ್ರಿಯಾದದ್ದು ಮೂರನೇ ತಿಂಗಳು. ಮರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಚಿಪ್ಪಿನ ತುಂಡು ತುಂಡಿನ ನಡುವೆ ಬಿಳಿ ಗೆರೆ, ಬಟ್ಟೆಗೆ ಹಾಕಿದ ದಾರದ ಹೊಲಿಗೆಯಷ್ಟು ಸಣ್ಣದು. ಹೊಸ ಬೆಳವಣಿಗೆ. ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆದೆ. ಎಲ್ಲೂ ಹಳ್ಳ ಸಿಗಲಿಲ್ಲ, ಏರೂ ಸಿಗಲಿಲ್ಲ. ಮರಿ ತಲೆ ಹೊರಗೆ ಹಾಕಿ ನನ್ನ ಹೆಬ್ಬೆರಳು ಕಚ್ಚಲು ನೋಡಿತು. ಅದರ ನೆತ್ತಿಯ ಮೇಲೆ ತೊಗಟೆಯ ಚೂರೊಂದು ಟೋಪಿಯ ಹಾಗೆ ಕೂತಿತ್ತು.

ಗೆಳೆಯನ ಬಳಿಯೂ ಅದೇ ಸೂಲಿನ, ನನ್ನ ಮರಿಯ ಒಡಹುಟ್ಟು ಇದೆ. ಸೊಪ್ಪು, ಹುಲ್ಲು, ಕ್ಯಾಲ್ಸಿಯಂ ಪುಡಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅವನದ್ದು ತೆರೆದ ಒಣ ಪೆಟ್ಟಿಗೆ. ಕಳೆದ ತಿಂಗಳು ಅದನ್ನು ಡಬ್ಬಿಯಲ್ಲಿಟ್ಟು ತಂದಿದ್ದ. ಎರಡನ್ನೂ ಟೇಬಲ್ ಮೇಲೆ ಬೇರೆ ಬೇರೆ ಟ್ರೇಯಲ್ಲಿಟ್ಟು ನೋಡಿದೆವು. ಅವನ ಮರಿ 190 ಗ್ರಾಂ ಇರಬೇಕು. ಚಿಪ್ಪಿನ ಒಂದೊಂದು ತುಂಡೂ ಸಣ್ಣ ಗುಡ್ಡದ ಹಾಗೆ ಎದ್ದಿತ್ತು. ಅವನು ತನ್ನ ಮರಿಯನ್ನು ನೋಡಿದ, ನನ್ನದನ್ನು ತಿರುಗಿಸಿ ಹೊಟ್ಟೆ ಕಡೆ ನೋಡಿದ, ಮೂಗಿನ ತೂತಿಗೆ ಟಾರ್ಚ್ ಬಿಟ್ಟು ನೋಡಿದ. ಏನೂ ಸಿಗಲಿಲ್ಲ. ಎದ್ದ ಉಬ್ಬು ಇಳಿಯುವುದಿಲ್ಲ, ಮುಂದಿನ ಬೆಳವಣಿಗೆಯನ್ನು ನುಣುಪು ಮಾಡಬಹುದು ಅಂತ ನಾನೇ ಹೇಳಿದೆ. ಅವನ ಮುಖ ನೋಡಿ ಬೇಜಾರಾಯಿತು, ನಿಜ. ಒಳಗೊಳಗೇ ಖುಷಿಯೂ ಆಯಿತು.

ಟೇಪ್ ತೆಗೆದು ನನ್ನ ಪೆಟ್ಟಿಗೆಯ ಅಳತೆ ಬರೆದುಕೊಂಡ. ಬಲ್ಬಿನ ಎತ್ತರ, ಪ್ರೋಬ್ ಇಟ್ಟ ಜಾಗ ಎಲ್ಲ ಕೇಳಿದ. ಎಲ್ಲಾ ಹೇಳಿದೆ. ಬಾಗಿಲ ತನಕ ಹೋದವನು ತಿರುಗಿ, "ಆ ಕೊಕೊಪೀಟ್ ಕೆಳಗೆ ಏನೋ ಹಾಕಿದ್ದೀಯಲ್ಲ, ಏನಯ್ಯಾ ಅದು?" ಅಂದ.

"ಮೊದಲು ಡಿಜಿಟಲ್ ಮೀಟರ್ ವಾಪಸ್ ಕೊಡು, ಎಂಟು ತಿಂಗಳಾಯ್ತು ಒಯ್ದು" ಅಂದೆ.

ಇನ್ನೂ ಕೊಟ್ಟಿಲ್ಲ.