ಮಳೆಯ ತೀವ್ರತೆ, ಒಣ ಅವಧಿ: ದಿನವಾರು ಲೆಕ್ಕದಿಂದ ಮಾದರಿ ಕಟ್ಟುವ ಬಗೆ

ಚಳ್ಳಕೆರೆ ಕಡೆ ಮುಂಗಾರಿನ ಮೊತ್ತ ವಾಡಿಕೆಯಷ್ಟೇ ಇದ್ದರೂ ಶೇಂಗಾ ಕೈಕೊಡಬಹುದು. ಕಾಯಿ ಕಟ್ಟುವ ಹೊತ್ತಿಗೆ ಎರಡು ವಾರ ಹನಿ ಬೀಳದೆ, ಆಮೇಲೆ ಒಂದೇ ರಾತ್ರಿ 80 ಮಿ.ಮೀ. ಸುರಿದರೆ ಲೆಕ್ಕ ಸರಿಹೋಗುತ್ತದೆ, ಬೆಳೆ ಸರಿಹೋಗುವುದಿಲ್ಲ. ಹಾಗಾಗಿ ತಿಂಗಳ ಮೊತ್ತವನ್ನು ಬದಿಗಿಟ್ಟು ದಿನವಾರು ದಾಖಲೆ ಹಿಡಿಯಿರಿ. ‘ಮಳೆ ಬಂತೇ?’ ಎಂಬುದಕ್ಕೆ ಒಂದು ಮಾದರಿ, ‘ಬಂದ ದಿನ ಎಷ್ಟು?’ ಎಂಬುದಕ್ಕೆ ಇನ್ನೊಂದು.

ಒಂದೇ ಮಳೆಮಾಪಕದ 30 ವರ್ಷದ ದಾಖಲೆಯಾದರೂ ಬೇಕು. ಅದನ್ನು ಶುಚಿ ಮಾಡುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಅಳತೆ ತಪ್ಪಿದ ದಿನಕ್ಕೆ ಸೊನ್ನೆ ಬರೆದಿದ್ದರೆ ಸುಳ್ಳು ಒಣ ಅವಧಿ ಹುಟ್ಟುತ್ತದೆ. ಸಾಲಾಗಿ ಭಾನುವಾರಗಳೆಲ್ಲ ಸೊನ್ನೆ, ಸೋಮವಾರಗಳು ಭಾರಿ ಎಂದಿದ್ದರೆ ಎರಡು ದಿನದ ನೀರನ್ನು ಒಟ್ಟಿಗೆ ಅಳೆದಿದ್ದಾರೆಂದೇ ಅನುಮಾನಿಸಬೇಕು. ಹವಾಮಾನ ಇಲಾಖೆಯ ಅಳತೆ ಬೆಳಗ್ಗೆ 8.30ಕ್ಕೆ, ಅದಕ್ಕೆ ಹಿಂದಿನ 24 ಗಂಟೆಯದು. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುವ ಉಪಗ್ರಹ ದಾಖಲೆಯ ಪಕ್ಕದಲ್ಲಿಟ್ಟರೆ ದಿನಾಂಕ ಹೊಂದುವುದಿಲ್ಲ.

2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ‘ಮಳೆ ದಿನ’. ಇಲಾಖೆಯ ಗೆರೆಯೂ ಇದೇ. ಸೊನ್ನೆಗಿಂತ ಹೆಚ್ಚಿದ್ದುದೆಲ್ಲ ಮಳೆ ಎಂದರೆ, ಮಣ್ಣು ನೆನೆಯದ ತುಂತುರು ಕೂಡ ಒಣ ಅವಧಿಯನ್ನು ತುಂಡರಿಸಿಬಿಡುತ್ತದೆ.

ಇನ್ನು ಮಾರ್ಕೊವ್ ಸರಪಳಿ, ಅಂದರೆ ನಿನ್ನೆಯ ಸ್ಥಿತಿ ನೋಡಿ ಇಂದಿನದರ ಸಂಭವ ಹೇಳುವ ಲೆಕ್ಕ. ನಿನ್ನೆ ಒಣಗಿದ್ದು ಇಂದೂ ಒಣಗಿದ್ದ ದಿನಗಳನ್ನು ಎಣಿಸಿ. ನಿನ್ನೆ ಒಣ ಎಂಬ 800 ಸಂದರ್ಭಗಳಲ್ಲಿ 640 ಸಲ ಇಂದೂ ಒಣ ಎಂದಾದರೆ ಸಂಭವನೀಯತೆ 0.8. ಒಣ ಅವಧಿಯ ಸರಾಸರಿ 1/(1−0.8), ಅಂದರೆ 5 ದಿನ; ಶುರುವಾದ ಒಣ ಅವಧಿ 10 ದಿನ ಮುಟ್ಟುವ ಸಂಭವ 0.8ರ 9ನೇ ಘಾತ, ಸುಮಾರು 0.13. ಮಳೆ ದಿನದ ನಂತರ ಮಳೆಯಾಗುವ ಸಂಭವವನ್ನೂ ಹೀಗೇ ತೆಗೆಯಿರಿ. ಸೆಪ್ಟೆಂಬರ್ 30ರ ಸಾಲಿಗೆ ಮುಂದಿನ ಜೂನ್ 1ನ್ನು ಅಂಟಿಸಬೇಡಿ.

ಇಡೀ ಋತುವಿಗೆ ಒಂದೇ ಸಂಖ್ಯೆ ಸಾಲದು. ತಿಂಗಳಿಗಿಂತ ಮಳೆ ನಕ್ಷತ್ರಗಳ ಪ್ರಕಾರ ಭಾಗ ಮಾಡುವುದು ವಾಸಿ: ಒಂದೊಂದೂ 13–14 ದಿನ, ದಿನಾಂಕ ವರ್ಷ ವರ್ಷಕ್ಕೆ ಹೆಚ್ಚು ಅಲುಗುವುದಿಲ್ಲ. ಜೊತೆಗೆ ‘ಮಖೆಯಲ್ಲಿ ಶುರುವಾದ ಒಣ ಅವಧಿ’ ಎಂದರೆ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ನಕ್ಷತ್ರಕ್ಕೆ ಚಾಚಿಕೊಂಡ ಒಣ ಅವಧಿಯನ್ನು ಕತ್ತರಿಸದೆ, ಶುರುವಾದ ನಕ್ಷತ್ರದ ಲೆಕ್ಕಕ್ಕೇ ಹಾಕಿ.

ಈ ಸರಪಳಿ ಎಡವುವುದು ಉದ್ದದ ಒಣ ಅವಧಿಗಳಲ್ಲಿ. ಅದಕ್ಕೆ ನಿನ್ನೆಯದು ಮಾತ್ರ ನೆನಪು; ಮುಂಗಾರೇ ಬಿಡುವು ಕೊಟ್ಟಾಗ ವಾರಗಟ್ಟಲೆ ಹಿಡಿಯುವ ಒಣಹವೆ ಅದರ ಲೆಕ್ಕಕ್ಕೆ ಸಿಗದು. 15 ದಿನ ಮೀರಿದ ಒಣ ಅವಧಿಗಳು ದಾಖಲೆಯಲ್ಲಿ ಎಷ್ಟು, ಮಾದರಿಯಲ್ಲಿ ಎಷ್ಟು ಎಂದು ಎದುರುಬದುರಿಡಿ. ಮಾದರಿ ಕಡಿಮೆ ತೋರಿಸಿದರೆ ಹಿಂದಿನ ಎರಡು ದಿನ ನೋಡುವ ಸರಪಳಿಗೆ ಹೋಗಿ. ಅದೂ ಸಾಲದಿದ್ದರೆ ಗಿಡ್ಡ, ಉದ್ದ ಅವಧಿಗಳಿಗೆ ಬೇರೆ ಬೇರೆ ಸಂಭವನೀಯತೆ ಇಟ್ಟು ಬೆರೆಸಿ.

ಪ್ರಮಾಣಕ್ಕೆ ಗ್ಯಾಮಾ ವಿತರಣೆ: ಸಣ್ಣ ಮಳೆ ಹೆಚ್ಚು ಸಲ, ದೊಡ್ಡ ಮಳೆ ಅಪರೂಪ ಎಂಬುದನ್ನು ‘ಆಕಾರ’, ‘ಅಳತೆಗುಣಕ’ ಎಂಬ ಎರಡೇ ಸಂಖ್ಯೆಗಳಲ್ಲಿ ಹಿಡಿಯುವ ಸೂತ್ರ. ಮಳೆ ದಿನದ ಪ್ರತಿ ಅಳತೆಯಿಂದ 2.4 ಕಳೆಯಿರಿ (2.5ನ್ನೇ ಕಳೆದರೆ ಕೆಲವು ಸೊನ್ನೆಯಾಗಿ ಲಾಗ್ ಕೆಡುತ್ತದೆ). ಸರಾಸರಿಯ ಸ್ವಾಭಾವಿಕ ಲಾಗ್‌ನಿಂದ ಲಾಗ್‌ಗಳ ಸರಾಸರಿ ಕಳೆದರೆ A. ಆಕಾರ = (1 + √(1 + 4A/3)) / (4A); ಸರಾಸರಿಯನ್ನು ಆಕಾರದಿಂದ ಭಾಗಿಸಿದರೆ ಅಳತೆಗುಣಕ. ಸರಾಸರಿ 12, ಲಾಗ್‌ಗಳ ಸರಾಸರಿ 1.8 ಇದ್ದರೆ ಆಕಾರ 0.87, ಅಳತೆಗುಣಕ 13.8. ಎಕ್ಸೆಲ್ ಸಾಕು.

ಗ್ಯಾಮಾ ಸಾಮಾನ್ಯ ಮಳೆಗೆ ಹೊಂದುತ್ತದೆ, 64.5 ಮಿ.ಮೀ. ಮೀರಿದ ಭಾರಿ ಮಳೆಯನ್ನು ಹಲವು ಸಲ ಕಡಿಮೆ ಅಂದಾಜಿಸುತ್ತದೆ. ಚೆಕ್‌ಡ್ಯಾಮು, ಮೋರಿ ಲೆಕ್ಕಕ್ಕೆ ಪ್ರತಿ ವರ್ಷದ ಗರಿಷ್ಠ ಮಳೆಯನ್ನು ಮಾತ್ರ ತೆಗೆದು ಸಾಮಾನ್ಯೀಕೃತ ಪರಮಾವಧಿ ವಿತರಣೆ (ಗರಿಷ್ಠ ಮೌಲ್ಯಗಳಿಗೆಂದೇ ಇರುವ ಸೂತ್ರ, GEV) ಹೊಂದಿಸಿ. 20 ವರ್ಷದ ದಾಖಲೆಯಿಂದ ನೂರು ವರ್ಷಕ್ಕೊಮ್ಮೆಯ ಮಳೆ ಹೇಳಬೇಡಿ.

ಗಂಟೆವಾರು ದಾಖಲೆ ಇಲ್ಲದಿದ್ದರೆ ಘನಮೂಲ ಸೂತ್ರವಿದೆ: t ಗಂಟೆಯ ಮಳೆ = 24 ಗಂಟೆಯ ಮಳೆ × (t/24)ರ ಘನಮೂಲ. ದಿನಕ್ಕೆ 96 ಮಿ.ಮೀ. ಆದರೆ 3 ಗಂಟೆಗೆ 48, ಅಂದರೆ ಗಂಟೆಗೆ 16. ಒಂದೇ ಗಂಟೆಗೆ ಸುಮಾರು 33. ಅರ್ಧ ಗಂಟೆಯ ಗುಡುಗು ಮಳೆಗೆ ಇದನ್ನು ನೆಚ್ಚಬೇಡಿ.

ಕೊನೆಗೆ ಎರಡೂ ಮಾದರಿ ಜೋಡಿಸಿ 1,000 ಕೃತಕ ಋತುಗಳನ್ನು ಓಡಿಸಿ. ಸರಾಸರಿ ಹೊಂದೀತು, ಆದರೆ ಋತುಮೊತ್ತದ ಏರಿಳಿತ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಬರುತ್ತದೆ, ಏಕೆಂದರೆ ಮಾದರಿಗೆ ಎಲ್ಲ ವರ್ಷವೂ ಒಂದೇ. ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯೇರಿ ಮುಂಗಾರು ಹಲವು ಸಲ ಸೊರಗುವ) ವರ್ಷಗಳನ್ನು ಬೇರ್ಪಡಿಸಿ ಸಂಭವನೀಯತೆಗಳನ್ನು ಮತ್ತೆ ಎಣಿಸಿ. ಆ ಗುಂಪಿನಲ್ಲಿ ವರ್ಷಗಳು ತೀರಾ ಕಡಿಮೆಯಿದ್ದರೆ ನಕ್ಷತ್ರಗಳನ್ನು ಎರಡೆರಡಾಗಿ ಸೇರಿಸಿಕೊಳ್ಳಿ.