ಜರ್ಮನಿಯಲ್ಲಿ ‘ಆಯ್ತು’ ಅನ್ನುವ ಮೊದಲು

ಬೆಂಗಳೂರಿನಿಂದ ಸ್ಟುಟ್‌ಗಾರ್ಟ್, ಮ್ಯೂನಿಕ್, ಫ್ರಾಂಕ್‌ಫರ್ಟ್, ವಾಲ್‌ಡಾರ್ಫ್ ಕಡೆಗೆ ಕೆಲಸಕ್ಕೆ ಬರುವ ಕನ್ನಡಿಗರು ಈಗ ಬಹಳ. ಬ್ಲೂ ಕಾರ್ಡ್ (ಇಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ), ಮನೆ ಹುಡುಕಾಟ, ತೆರಿಗೆ, ವಿಮೆ ಇವುಗಳ ಬಗ್ಗೆ ಹೇಳಿಕೊಡುವವರು ಸಿಗುತ್ತಾರೆ. ಆದರೆ ಬಂದ ಮೇಲೆ ಹೆಚ್ಚು ಜನ ಎಡವುವುದು ಮಾತಿನಲ್ಲಿ. ಜರ್ಮನ್ ಬರುವುದಿಲ್ಲ ಅನ್ನುವುದು ಅದರ ಒಂದು ಭಾಗ ಅಷ್ಟೇ. ಯಾವುದನ್ನು ಬಾಯಲ್ಲಿ ಹೇಳಿದರೆ ಸಾಕು, ಯಾವುದನ್ನು ಕಾಗದದಲ್ಲೇ ಬರೆಯಬೇಕು, ಎಷ್ಟು ನೇರವಾಗಿ ಮಾತಾಡಬಹುದು, ಈ ಲೆಕ್ಕವೇ ಇಲ್ಲಿ ಬೇರೆ. ಇಲ್ಲಿ ಮರ್ಯಾದೆ ಅಂದರೆ ಎದುರಿನವರಿಗೆ ಗೊಂದಲ ಉಳಿಸದೆ ಇರುವುದು. ಇದೊಂದು ತಲೆಯಲ್ಲಿದ್ದರೆ ಉಳಿದ ಬಹಳಷ್ಟು ತಾನಾಗಿ ಅರ್ಥವಾಗುತ್ತದೆ.

ಮೊದಲು ‘ಆಯ್ತು’ ವಿಷಯ. ‘ಶುಕ್ರವಾರಕ್ಕೆ ಆಗುತ್ತಾ?’ ಎಂದು ಮ್ಯಾನೇಜರ್ ಕೇಳಿದಾಗ ನಾವು ‘ಆಗುತ್ತೆ, ನೋಡ್ತೀನಿ’ ಅನ್ನುತ್ತೇವೆ. ನಮ್ಮಲ್ಲಿ ಇಬ್ಬರಿಗೂ ಅದರ ಒಳಗಿನ ಅರ್ಥ ಗೊತ್ತು. ಮುಖಕ್ಕೆ ಹೊಡೆದ ಹಾಗೆ ‘ಆಗಲ್ಲ’ ಅನ್ನಬಾರದು ಎಂಬ ಸಂಕೋಚ ಅದು. ಜರ್ಮನ್ ಮ್ಯಾನೇಜರ್ ಅದನ್ನು ಒಪ್ಪಂದ ಎಂದು ತೆಗೆದುಕೊಳ್ಳುತ್ತಾರೆ. ಅದರ ಮೇಲೆ ತಮ್ಮ ಮುಂದಿನ ವಾರದ ಕೆಲಸವನ್ನೇ ಹೊಂದಿಸಿಬಿಡುತ್ತಾರೆ. ಶುಕ್ರವಾರ ಕೆಲಸ ಮುಗಿಯದಿದ್ದರೆ ಅವರಿಗೆ ಬೇಜಾರಾಗುವುದು ತಡವಾಯಿತು ಅಂತ ಅಲ್ಲ. ಮಂಗಳವಾರವೇ ಗೊತ್ತಿದ್ದರೂ ಹೇಳಲಿಲ್ಲವಲ್ಲ ಅಂತ. ಹಾಗಾಗಿ ಹೀಗೆ ಹೇಳಿ: ‘ಶುಕ್ರವಾರಕ್ಕೆ ಆಗುವುದಿಲ್ಲ. ಮುಂದಿನ ವಾರ ಬುಧವಾರ ಕೊಡುತ್ತೇನೆ. ಇದೇ ಮೊದಲು ಬೇಕು ಅಂದರೆ ಈಗ ಕೈಯಲ್ಲಿರುವುದನ್ನು ನಿಲ್ಲಿಸಬೇಕು. ಯಾವುದು ಮೊದಲು?’ ಇದನ್ನು ಅವರು ಉದ್ಧಟತನ ಅಂದುಕೊಳ್ಳುವುದಿಲ್ಲ. ನಂಬಬಹುದಾದ ಮನುಷ್ಯ ಎನ್ನುತ್ತಾರೆ.

ಹಾಗೆಯೇ ಅವರ ಟೀಕೆಯೂ ನೇರ. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ‘ಇದು ಸರಿಯಿಲ್ಲ, ಈ ಲೆಕ್ಕ ತಪ್ಪು’ ಎಂದುಬಿಡುತ್ತಾರೆ. ಹೊಸಬರಿಗೆ ಅವತ್ತು ರಾತ್ರಿ ನಿದ್ದೆ ಬರುವುದಿಲ್ಲ. ಹೇಳಿದವರು ಮಾತ್ರ ಮಧ್ಯಾಹ್ನ ಊಟಕ್ಕೆ ನಿಮ್ಮನ್ನೇ ಕರೆಯುತ್ತಾರೆ. ತಪ್ಪು ಲೆಕ್ಕದಲ್ಲಿತ್ತು, ಲೆಕ್ಕಕ್ಕೆ ಹೇಳಿ ಆಯಿತು, ಅಲ್ಲಿಗೆ ಮುಗಿಯಿತು. ಹೊಗಳಿಕೆಯಲ್ಲೂ ಕೈ ಬಿಗಿ. ಸ್ಟುಟ್‌ಗಾರ್ಟ್ ಸುತ್ತಿನ ಶ್ವಾಬಿಯನ್ ಜನರಲ್ಲಿ ‘ಬೈಯಲಿಲ್ಲ ಅಂದರೆ ಸಾಕಷ್ಟು ಹೊಗಳಿದ ಹಾಗೆ’ ಎಂಬ ಅರ್ಥದ ಗಾದೆಯೇ ಇದೆ. ತಿಂಗಳುಗಟ್ಟಲೆ ಯಾರೂ ಏನೂ ಹೇಳಲಿಲ್ಲ ಎಂದು ಕೊರಗಬೇಡಿ. ನಿಮ್ಮ ಕೆಲಸ ಚೆನ್ನಾಗಿದೆ ಎಂದೇ ಅರ್ಥ ಇರಬಹುದು. ಅನುಮಾನ ಇದ್ದರೆ ಸಮಯ ಕೇಳಿ ಕುಳಿತು ಕೇಳಿಬಿಡಿ. ನೇರ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ.

ಆದರೆ ನೇರ ಮಾತಿಗೂ ಇಲ್ಲಿ ಬೇಲಿ ಇದೆ. ಮಾತು ಕೆಲಸದ ಬಗ್ಗೆ ಇರಬೇಕು, ವ್ಯಕ್ತಿಯ ಬಗ್ಗೆ ಅಲ್ಲ. ಒಬ್ಬರನ್ನು ಅವಮಾನಿಸುವುದು ಜರ್ಮನ್ ದಂಡ ಸಂಹಿತೆಯ 185ನೇ ಕಲಮಿನ ಪ್ರಕಾರ ಅಪರಾಧ. ಟ್ರಾಫಿಕ್‌ನಲ್ಲಿ ಸಿಟ್ಟಿಗೆ ಬೆರಳು ತೋರಿಸಿದವರಿಗೂ ದಂಡ ಬೀಳುತ್ತದೆ.

ನೀನು–ನೀವು ನಮಗೆ ಹೊಸದಲ್ಲ. ಜರ್ಮನ್‌ನಲ್ಲಿ ‘ಡು’ ಮತ್ತು ‘ಝೀ’. ಆದರೆ ನಮ್ಮಲ್ಲಿ ವಯಸ್ಸು ನೋಡಿ ಮಾತು ಬದಲಾಗುತ್ತದೆ. ಅಂಗಡಿಯ ಹುಡುಗನಿಗೆ ನೀನು, ಅವನ ಅಪ್ಪನಿಗೆ ನೀವು. ಇಲ್ಲಿ ಗುರುತಿಲ್ಲದ ದೊಡ್ಡವರೆಲ್ಲರಿಗೂ ‘ಝೀ’. ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಗೂ ‘ಝೀ’, ಮನೆ ಗುಡಿಸಲು ಬರುವವರಿಗೂ ‘ಝೀ’. ‘ಡು’ಗೆ ಇಳಿಯೋಣ ಎಂದು ಹೇಳುವುದು ವಯಸ್ಸಿನಲ್ಲಿ ಅಥವಾ ಹುದ್ದೆಯಲ್ಲಿ ದೊಡ್ಡವರ ಹಕ್ಕು. ಐಟಿ ಕಂಪನಿಗಳಲ್ಲಿ ಮೊದಲ ದಿನದಿಂದಲೇ ಎಲ್ಲರೂ ‘ಡು’. ಆ ಅಭ್ಯಾಸ ಹಿಡಿದುಕೊಂಡು ಸರ್ಕಾರಿ ಕಚೇರಿಗೆ, ಡಾಕ್ಟರ್ ಹತ್ತಿರ, ಮನೆ ಮಾಲೀಕರ ಹತ್ತಿರ, ಮಗುವಿನ ಟೀಚರ್ ಹತ್ತಿರ ಹೋಗಬೇಡಿ.

ಇನ್ನು ಹೆಸರು. ಇದು ಕನ್ನಡಿಗರಿಗೇ ವಿಶೇಷವಾಗಿ ಕಾಡುವ ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಸರ್‌ನೇಮ್ ಅನ್ನುವುದೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದು ಸರ್‌ನೇಮ್ ಜಾಗಕ್ಕೆ ಹೋಗಿ ಕೂರುತ್ತದೆ. ಇಲ್ಲಿ ನಿಮ್ಮನ್ನು ಕರೆಯುವುದು ಆ ಹೆಸರಿನಿಂದಲೇ. ಆಸ್ಪತ್ರೆಯಲ್ಲಿ ಕಾಯುತ್ತಾ ಕುಳಿತಾಗ ‘ಹೆರ್ ತಿಪಟೂರು’ (ಶ್ರೀ ತಿಪಟೂರು) ಎಂದು ಕೂಗಿದರೆ ಏಳಬೇಕಾದವರು ನೀವೇ. ಫೋನ್ ಎತ್ತಿದಾಗಲೂ ಇಲ್ಲಿನವರು ಬಹಳ ಮಂದಿ ಹಲೋ ಬದಲು ಸರ್‌ನೇಮ್ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಅಂಚೆ ಡಬ್ಬಿ. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ನಂಬರ್, ಹೆಸರು, ಅಷ್ಟೇ. ಡಬ್ಬಿಯ ಮೇಲೆ ಆ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಗಂಡ, ಹೆಂಡತಿ, ಮಕ್ಕಳ ಪಾಸ್‌ಪೋರ್ಟ್‌ನಲ್ಲಿ ಬೇರೆ ಬೇರೆ ಸರ್‌ನೇಮ್ ಇದ್ದರೆ ಎಲ್ಲವನ್ನೂ ಡಬ್ಬಿಯ ಮೇಲೆ ಬರೆಯಿರಿ. ಮನೆಗೆ ಕಾಲಿಟ್ಟ ದಿನವೇ ಈ ಕೆಲಸ ಮಾಡಿ. ಸುಮ್ನೆ ಹೇಳುತ್ತಿಲ್ಲ. ತೆರಿಗೆ ಗುರುತಿನ ಸಂಖ್ಯೆ, ಬ್ಯಾಂಕ್ ಕಾರ್ಡ್, ವಿಮೆ ಕಾರ್ಡ್ ಎಲ್ಲ ಬರುವುದು ಆ ಡಬ್ಬಿಗೆ.

ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಅನ್ಮೆಲ್ಡುಂಗ್ ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ‘ಕೊಡ್ತೀನಿ’ ಎಂಬ ಮಾತಿಗೆ ಕಾಯದೆ ಕೀಲಿ ತೆಗೆದುಕೊಳ್ಳುವಾಗಲೇ ಆ ಕಾಗದ ಕೇಳಿ. ನೋಂದಣಿಯಾದ ಸ್ವಲ್ಪ ದಿನಕ್ಕೆ ರೇಡಿಯೋ–ಟಿವಿ ಶುಲ್ಕದ ಪತ್ರವೂ ಬರುತ್ತದೆ. 2021ರ ಆಗಸ್ಟ್‌ನಿಂದ ಅದು ಒಂದು ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ, ಅದು ಮನೆಗೆ ಬೀಳುವ ಶುಲ್ಕ. ಮನೆ ಹಂಚಿಕೊಂಡವರಲ್ಲಿ ಒಬ್ಬರು ಕಟ್ಟಿದರೆ ಸಾಕು.

ಕಚೇರಿಗಳ ಜೊತೆಗಿನ ಮಾತುಕತೆ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಷ್ಟ ಆಗುವುದು ಇಲ್ಲೇ. ಸರ್ಕಾರಿ ಕಚೇರಿ ಒಂದು ತೀರ್ಮಾನ ಮಾಡಿದರೆ ಅದನ್ನು ‘ಬೆಶೈಡ್’ ಎಂಬ ಪತ್ರವಾಗಿ ಕಳಿಸುತ್ತದೆ. ಅದರ ಕೊನೆಯಲ್ಲಿ ಒಂದು ಪ್ಯಾರಾ ಇರುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಎಲ್ಲಿಗೆ, ಎಷ್ಟು ದಿನದೊಳಗೆ ಆಕ್ಷೇಪಣೆ ಹಾಕಬೇಕು ಎಂದು ಅದರಲ್ಲಿ ಇರುತ್ತದೆ. ಪತ್ರದಲ್ಲಿ ಮೊದಲು ಓದಬೇಕಾದ್ದು ಅದನ್ನೇ. ಸಾಮಾನ್ಯವಾಗಿ ಸಿಗುವುದು ಒಂದು ತಿಂಗಳು. ಬವೇರಿಯಾದಲ್ಲಿ ಹಲವು ವಿಷಯಗಳಿಗೆ ಆಕ್ಷೇಪಣೆಯ ಹಂತವೇ ಇಲ್ಲ, ನೇರವಾಗಿ ಕೋರ್ಟಿಗೆ ಹೋಗಬೇಕಾಗುತ್ತದೆ. ನಮ್ಮವರು ಫೋನ್ ಮಾಡುತ್ತಾರೆ. ಆ ಕಡೆಯವರು ಸಮಾಧಾನವಾಗಿ ಮಾತಾಡುತ್ತಾರೆ. ವಿಷಯ ಸರಿಹೋಯಿತು ಎಂದು ಇವರು ಸುಮ್ಮನಾಗುತ್ತಾರೆ. ಫೋನಿನಿಂದ ಗಡುವು ನಿಲ್ಲುವುದಿಲ್ಲ. ಸಾಮಾನ್ಯ ಇಮೇಲ್ ಕೂಡ ಸಾಮಾನ್ಯವಾಗಿ ಸಾಲದು. ಸಹಿ ಮಾಡಿದ ಕಾಗದ ಹೋಗಬೇಕು. ಕಾರಣ ಬರೆಯಲು ಸಮಯ ಸಾಲದಿದ್ದರೆ ‘ಈ ತೀರ್ಮಾನಕ್ಕೆ ಆಕ್ಷೇಪಣೆ ಸಲ್ಲಿಸುತ್ತಿದ್ದೇನೆ, ಕಾರಣಗಳನ್ನು ನಂತರ ಕಳಿಸುತ್ತೇನೆ’ ಎಂದು ಎರಡು ಸಾಲು ಬರೆದು ಕಳಿಸಿ. ಗಡುವು ಉಳಿಯುತ್ತದೆ. ಹಳದಿ ಲಕೋಟೆಯಲ್ಲಿ ಪತ್ರ ಬಂದರೆ ಲಕೋಟೆಯನ್ನು ಎಸೆಯಬೇಡಿ. ಅಂಚೆಯವರು ಅದರ ಮೇಲೆ ತಲುಪಿಸಿದ ದಿನಾಂಕ ಬರೆದಿರುತ್ತಾರೆ. ದಿನಗಳ ಲೆಕ್ಕ ಶುರುವಾಗುವುದು ಅಲ್ಲಿಂದ.

ಪತ್ರ ಬರೆಯುವ ರೀತಿಯೂ ಬೇರೆ. ನಮ್ಮ ಅರ್ಜಿಗಳಲ್ಲಿ ಕಷ್ಟ ಮೊದಲು, ಕೋರಿಕೆ ಕೊನೆಗೆ. ಇಲ್ಲಿ ಮೇಲ್ಗಡೆ ಕಡತದ ಸಂಖ್ಯೆ, ಮೊದಲ ವಾಕ್ಯದಲ್ಲೇ ಏನು ಬೇಕು ಎಂಬುದು, ಆಮೇಲೆ ಜೊತೆಗಿಟ್ಟ ದಾಖಲೆಗಳ ಪಟ್ಟಿ. ‘ದಯಮಾಡಿ ಹೇಗಾದರೂ ಮಾಡಿಕೊಡಿ’ ಎಂದು ಬೇಡಿಕೊಂಡರೆ ಕಿಟಕಿಯ ಆ ಕಡೆಯವರು ಮುಜುಗರಪಡುತ್ತಾರೆ. ಅವರ ಕೈಯಲ್ಲಿ ಹಾಗೆ ಮಾಡಿಕೊಡುವ ಅಧಿಕಾರವೇ ಇರುವುದಿಲ್ಲ. ‘ಯಾವ ದಾಖಲೆ ಕಡಿಮೆ ಇದೆ? ಯಾವ ನಿಯಮದ ಪ್ರಕಾರ?’ ಎಂದು ಕೇಳಿದರೆ ಅದೇ ಮನುಷ್ಯ ಎದ್ದು ಹೋಗಿ ಕಡತ ತಂದು ತೋರಿಸುತ್ತಾರೆ. ಕೆಲಸ ಆಯಿತೆಂದು ಮೈಸೂರ್ ಪಾಕ್ ಡಬ್ಬ ತೆಗೆದುಕೊಂಡು ಹೋಗಬೇಡಿ. ಸರ್ಕಾರಿ ನೌಕರರು ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ. ನಿಮ್ಮ ಖುಷಿ ಅವರಿಗೆ ತೊಂದರೆಯಾಗುತ್ತದೆ.

ಹುಷಾರಿಲ್ಲದಾಗ ಏನು ಹೇಳಬೇಕು? ಕೆಲಸ ಶುರುವಾಗುವ ಮೊದಲೇ ‘ಇವತ್ತು ಹುಷಾರಿಲ್ಲ, ಬಹುಶಃ ಇಷ್ಟು ದಿನ ಬರುವುದಿಲ್ಲ’ ಎಂದು ತಿಳಿಸಿ. ಅಷ್ಟೇ ಸಾಕು. ಏನು ಕಾಯಿಲೆ ಎಂದು ಹೇಳಬೇಕಾಗಿಲ್ಲ, ಭೇದಿ ವಾಂತಿಯ ವಿವರ ಯಾರಿಗೂ ಬೇಡ. ಮೂರು ದಿನಕ್ಕಿಂತ ಜಾಸ್ತಿಯಾದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಕೆಲವು ಕಂಪನಿಗಳು ಮೊದಲ ದಿನವೇ ಕೇಳುತ್ತವೆ, ಕೇಳುವ ಹಕ್ಕು ಅವರಿಗಿದೆ. ಸರ್ಕಾರಿ ಆರೋಗ್ಯ ವಿಮೆ ಇದ್ದರೆ 2023ರ ಜನವರಿಯಿಂದ ಕಂಪನಿಯೇ ಅದನ್ನು ವಿಮಾ ಸಂಸ್ಥೆಯಿಂದ ಆನ್‌ಲೈನ್ ತರಿಸಿಕೊಳ್ಳುತ್ತದೆ. ಹುಷಾರಿಲ್ಲದೆಯೂ ಕಂಪ್ಯೂಟರ್ ಮುಂದೆ ಕೂತು ನಿಷ್ಠೆ ತೋರಿಸಬೇಡಿ. ಇಲ್ಲಿ ಅದನ್ನು ಯಾರೂ ಮೆಚ್ಚುವುದಿಲ್ಲ. ರಜೆಯಲ್ಲಿದ್ದಾಗ ಕಾಯಿಲೆ ಬಿದ್ದರೆ, ಡಾಕ್ಟರ್ ಪತ್ರ ಇದ್ದರೆ ಆ ದಿನಗಳ ರಜೆ ನಿಮಗೆ ವಾಪಸ್ ಸಿಗುತ್ತದೆ.

ನೆರೆಹೊರೆಯಲ್ಲಿ ಮೊದಲ ಹೆಜ್ಜೆ ಹೊಸಬರದು. ಅವರೇ ಬಂದು ಮಾತಾಡಿಸಲಿ ಎಂದು ಕಾಯಬೇಡಿ. ಬಾಗಿಲು ತಟ್ಟಿ ಹೆಸರು ಹೇಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಇರಬಾರದು, ಭಾನುವಾರ ಇಡೀ ದಿನ ಗೋಡೆಗೆ ಡ್ರಿಲ್ ಹಾಕಬಾರದು. ಗಣೇಶನ ಹಬ್ಬಕ್ಕೋ ಮಗುವಿನ ಹುಟ್ಟುಹಬ್ಬಕ್ಕೋ ಜನ ಸೇರುವುದಿದ್ದರೆ ಮೂರ್ನಾಲ್ಕು ದಿನ ಮೊದಲು ಮೆಟ್ಟಿಲ ಹತ್ತಿರ ಚೀಟಿ ಅಂಟಿಸಿ, ನಿಮ್ಮ ಫೋನ್ ನಂಬರ್ ಬರೆಯಿರಿ. ಚೀಟಿ ಅಂಟಿಸಿದ ಮಾತ್ರಕ್ಕೆ ರಾತ್ರಿ ಸದ್ದು ಮಾಡುವ ಹಕ್ಕು ಬರುವುದಿಲ್ಲ. ಆದರೆ ಪೊಲೀಸರಿಗೆ ಹೋಗಬೇಕಾದ ಫೋನ್ ನಿಮಗೆ ಬರುತ್ತದೆ. ಪಕ್ಕದವರು ಬಂದು ‘ನಿಮ್ಮ ಕಸ ತಪ್ಪು ಡಬ್ಬಿಯಲ್ಲಿದೆ’ ಎಂದರೆ ಜನಾಂಗದ ದ್ವೇಷ ಎಂದು ತಕ್ಷಣ ಅಂದುಕೊಳ್ಳಬೇಡಿ, ಅವರು ಜರ್ಮನ್ ನೆರೆಯವರಿಗೂ ಹಾಗೇ ಹೇಳುತ್ತಾರೆ. ದ್ವೇಷ ಇಲ್ಲವೇ ಇಲ್ಲ ಎಂದಲ್ಲ. ಮಾತು ಕಸ ಬಿಟ್ಟು ನಿಮ್ಮ ಬಣ್ಣಕ್ಕೆ, ದೇಶಕ್ಕೆ ಬಂದರೆ ಅದು ಬೇರೆ ವಿಷಯ. ದಿನಾಂಕ ಬರೆದಿಟ್ಟು ದೂರು ಕೊಡಿ. ಒಂದು ಸಣ್ಣ ವಿಷಯ: ಹುಟ್ಟುಹಬ್ಬದ ಶುಭಾಶಯ ಮುಂಚಿತವಾಗಿ ಹೇಳಬೇಡಿ, ಇಲ್ಲಿ ಅದು ಅಪಶಕುನ.

ಈಗ ಕೆಲಸ ಬಿಡುವ ವಿಷಯ. ರಾಜೀನಾಮೆಯೂ, ಕೆಲಸದಿಂದ ತೆಗೆಯುವ ಪತ್ರವೂ ಕಾಗದದಲ್ಲಿ ಪೆನ್ನಿನ ಸಹಿಯೊಂದಿಗೇ ಇರಬೇಕು. ಇಮೇಲ್, ವಾಟ್ಸಾಪ್, ‘ನಾಳೆಯಿಂದ ಬರಬೇಡಿ’ ಎಂಬ ಮಾತು, ಯಾವುದೂ ಲೆಕ್ಕಕ್ಕಿಲ್ಲ. ತೆಗೆದ ಪತ್ರ ಕೈಗೆ ಬಂದರೆ ಕಾರ್ಮಿಕ ಕೋರ್ಟಿಗೆ ಹೋಗಲು ಮೂರೇ ವಾರ. ಮ್ಯಾನೇಜರ್ ಕೋಣೆಗೆ ಕರೆದು ‘ಇಬ್ಬರೂ ಒಪ್ಪಿ ಬೇರೆಯಾಗೋಣ, ಇಲ್ಲಿ ಸಹಿ ಹಾಕಿ’ ಎಂದರೆ ಅಲ್ಲೇ ಹಾಕಬೇಡಿ. ಹಾಕಿದರೆ ನಿರುದ್ಯೋಗ ಭತ್ಯೆ 12 ವಾರಗಳವರೆಗೆ ತಡೆಯಾಗಬಹುದು. ದೊಡ್ಡವರು ಕೇಳಿದರಲ್ಲ ಎಂಬ ದಾಕ್ಷಿಣ್ಯ ಆ ಕೋಣೆಯಲ್ಲಿ ಬೇಡ. ‘ಮನೆಗೆ ಒಯ್ದು ಓದುತ್ತೇನೆ’ ಅನ್ನುವುದು ಪೂರ್ತಿ ಸರಿಯಾದ ಉತ್ತರ.

ಇಷ್ಟು ನೇರವಾಗಿ ಮಾತಾಡುವ ದೇಶ ಒಂದು ಕಡೆ ಮಾತ್ರ ಸುತ್ತಿ ಬಳಸಿ ಬರೆಯುತ್ತದೆ. ಅದು ಕೆಲಸದ ಪ್ರಮಾಣಪತ್ರ, ‘ಆರ್ಬೈಟ್ಸ್‌ತ್ಸಾಯ್ಗ್ನಿಸ್’. ಕೆಲಸ ಬಿಡುವಾಗ ಅದನ್ನು ಪಡೆಯುವುದು ಕಾನೂನಿನ ಹಕ್ಕು, ಮುಂದಿನ ಕಂಪನಿ ಅದನ್ನು ಕೇಳುತ್ತದೆ. ಅದು ಸತ್ಯವಾಗಿರಬೇಕು, ಜೊತೆಗೆ ನಿಮ್ಮ ಮುಂದಿನ ದಾರಿಗೆ ಅಡ್ಡಿಯಾಗದ ಹಾಗೆ ಒಳ್ಳೆಯ ಮನಸ್ಸಿನಿಂದ ಬರೆದಿರಬೇಕು ಎಂದು ಕೋರ್ಟುಗಳು ಹೇಳಿವೆ. ಎರಡನ್ನೂ ಹೊಂದಿಸಲು ಹೋಗಿ ಒಂದು ಮೆಟ್ಟಿಲಿನ ಭಾಷೆ ಹುಟ್ಟಿಕೊಂಡಿದೆ. ಓದಿದರೆ ಎಲ್ಲವೂ ಹೊಗಳಿಕೆ. ‘ಸದಾ ನಮ್ಮ ಅತ್ಯಂತ ಪೂರ್ಣ ತೃಪ್ತಿಗೆ’ ಎಂಬ ಅರ್ಥದ ಮಾತಿದ್ದರೆ ಬಹಳ ಚೆನ್ನಾಗಿ ಕೆಲಸ ಮಾಡಿದ್ದೀರಿ. ‘ಸದಾ ನಮ್ಮ ಪೂರ್ಣ ತೃಪ್ತಿಗೆ’ ಅಂದರೆ ಚೆನ್ನಾಗಿ. ‘ಸದಾ’ ಬಿಟ್ಟು ‘ಪೂರ್ಣ ತೃಪ್ತಿಗೆ’ ಮಾತ್ರ ಇದ್ದರೆ ಸಾಧಾರಣ. ಬರೀ ‘ತೃಪ್ತಿಗೆ’ ಅಂದರೆ ಅಂತೂ ಪಾಸು. ‘ಪ್ರಯತ್ನಪಟ್ಟರು’ ಎಂದು ಬರೆದಿದ್ದರೆ ಕೆಲಸ ಆಗಲಿಲ್ಲ ಎಂದೇ ಅರ್ಥ. ನಮ್ಮಲ್ಲಿ ರಿಲೀವಿಂಗ್ ಲೆಟರ್ ನೋಡಿ ಅಭ್ಯಾಸವಾದವರು ಇದನ್ನು ಖುಷಿಯಿಂದ ಫ್ರೇಮ್ ಹಾಕಿಸುವಷ್ಟು ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ಬರೆಯದೆ ಬಿಟ್ಟದ್ದನ್ನೂ ಓದಬೇಕು. ನಡತೆಯ ವಾಕ್ಯದಲ್ಲಿ ಮೇಲಧಿಕಾರಿಗಳು, ಸಹೋದ್ಯೋಗಿಗಳು, ಗ್ರಾಹಕರು ಮೂವರೂ ಇರಬೇಕು. ಮೇಲಧಿಕಾರಿಗಳು ಇಲ್ಲದಿದ್ದರೆ ಅವರ ಜೊತೆ ಹೊಂದಾಣಿಕೆ ಇರಲಿಲ್ಲ ಎಂದು ಓದಿದವರು ತಿಳಿಯುತ್ತಾರೆ. ಕೊನೆಯಲ್ಲಿ ‘ನೀವು ಬಿಟ್ಟು ಹೋಗುತ್ತಿರುವುದಕ್ಕೆ ವಿಷಾದ, ಇಷ್ಟು ದಿನಕ್ಕೆ ಧನ್ಯವಾದ, ಮುಂದಕ್ಕೆ ಶುಭವಾಗಲಿ’ ಎಂಬ ಸಾಲು ಇದ್ದರೆ ಒಳ್ಳೆಯದು. ಆದರೆ ಅದನ್ನು ಕೋರ್ಟಿನ ಮೂಲಕ ಬರೆಸಲಾಗದು. ಅಂಕದ ವಿಷಯದಲ್ಲಿ ಒಂದು ಮುಖ್ಯ ಮಾತಿದೆ. ಸಾಧಾರಣಕ್ಕಿಂತ ಮೇಲಿನದು ಬೇಕೆಂದರೆ ಹಾಗೆ ಕೆಲಸ ಮಾಡಿದ್ದೇನೆ ಎಂದು ಸಾಬೀತು ಮಾಡಬೇಕಾದವರು ನೀವು. ಫೆಡರಲ್ ಕಾರ್ಮಿಕ ಕೋರ್ಟ್ 2014ರಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಹಾಗಾಗಿ ಮೆಚ್ಚಿದ ಇಮೇಲ್‌ಗಳು ಬಂದಾಗ ಅವುಗಳ ದಿನಾಂಕ, ಕಳಿಸಿದವರ ಹೆಸರು, ವಿಷಯ ಬರೆದಿಟ್ಟುಕೊಳ್ಳಿ. ವರ್ಷದ ಮಾತುಕತೆಯ ಟಿಪ್ಪಣಿಯ ಪ್ರತಿ ಕೇಳಿ ತೆಗೆದುಕೊಳ್ಳಿ. ನಿಮ್ಮನ್ನು ಬಲ್ಲ ಮ್ಯಾನೇಜರ್ ಬೇರೆ ಕಡೆ ಹೋಗುತ್ತಿದ್ದರೆ ಅವರಿರುವಾಗಲೇ ಮಧ್ಯಂತರ ಪ್ರಮಾಣಪತ್ರ ಕೇಳಿ. ಕೊನೆಯ ಪತ್ರದ ಕರಡು ಬಂದಾಗ ಕಂಪನಿಯ ಬೆಟ್ರೀಬ್ಸ್‌ರಾಟ್‌ನಲ್ಲಿ, ಅಂದರೆ ನೌಕರರ ಮಂಡಳಿಯಲ್ಲಿ ಯಾರಿಗಾದರೂ ತೋರಿಸಿ. ಮಂಡಳಿ ಇಲ್ಲದಿದ್ದರೆ ಕಾರ್ಮಿಕ ಕಾನೂನಿನ ವಕೀಲರಿಗೆ ತೋರಿಸಿ. ಒಂದು ‘ಸದಾ’ ಬಿಟ್ಟುಹೋಗಿದ್ದರೆ ಸೇರಿಸಿಕೊಡಿ ಎಂದು ಬರವಣಿಗೆಯಲ್ಲಿ, ಕಾರಣ ಸಮೇತ, ಒಂದು ದಿನಾಂಕ ಕೊಟ್ಟು ಕೇಳಿ.