ಡಿಕ್ಕಿಯ ಸಬ್‌ವೂಫರ್‌ನಿಂದ ತುಂಬು ಬಾಸ್ ಪಡೆಯುವುದು

ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್ (ಬಾಸ್, ಅಂದರೆ ತಗ್ಗಿನ ಸ್ವರ ನುಡಿಸುವ ಸ್ಪೀಕರ್) ಇದ್ದೂ ಬಾಸ್ ಸಪ್ಪೆಯಾಗಿದ್ದರೆ ದೊಡ್ಡ ಆಂಪ್ಲಿಫೈಯರ್ ಕೊಳ್ಳಲು ಹೊರಡಬೇಡಿ. ಮೊದಲು ಸಬ್‌ವೂಫರಿನ ಪೆಟ್ಟಿಗೆಯನ್ನು ತಿರುಗಿಸಿ ನೋಡಿ. ಸೆಡಾನ್ ಕಾರುಗಳಲ್ಲಿ ನಾನು ಕೋನ್ (ಸ್ಪೀಕರಿನ ಅದುರುವ ಬಟ್ಟಲು) ಹಿಂಬದಿಗೆ, ನಂಬರ್ ಪ್ಲೇಟಿನ ಕಡೆಗೆ ಮುಖ ಮಾಡುವಂತೆ ಇಡುತ್ತೇನೆ. ಪೆಟ್ಟಿಗೆಯನ್ನು ಒಂದೊಂದೇ ಗೇಣು ಸರಿಸುತ್ತಾ, ಪ್ರತಿ ಸಲವೂ ಡಿಕ್ಕಿ ಮುಚ್ಚಿ, ಚಾಲಕನ ಸೀಟಿನಲ್ಲಿ ಕುಳಿತು ಕೇಳುತ್ತೇನೆ. ಡಿಕ್ಕಿಯ ಬಳಿ ನಿಂತು ಕೇಳಿದ ಬಾಸ್ ಲೆಕ್ಕಕ್ಕಿಲ್ಲ. ಹಿಂದಿನ ಸೀಟಿನ ನಡುವೆ ಡಿಕ್ಕಿಗೆ ತೆರೆಯುವ ಕಿಂಡಿ ಇದ್ದರೆ ತೆರೆದಿಡಿ.

ನಂತರ ಫೇಸ್, ಅಂದರೆ ಸ್ಪೀಕರ್‌ಗಳ ಅಲೆಗಳು ಒಟ್ಟಿಗೆ ಏರಿಳಿಯುವ ಹೊಂದಾಣಿಕೆ. 80 ಹರ್ಟ್ಸ್ ಸುತ್ತಮುತ್ತ ಮುಂದಿನ ಸ್ಪೀಕರ್‌ಗಳೂ ಸಬ್‌ವೂಫರೂ ಒಟ್ಟಿಗೆ ನುಡಿಯುತ್ತವೆ. ಒಂದರ ಅಲೆ ಏರುವಾಗ ಇನ್ನೊಂದರದು ಇಳಿದರೆ ಎರಡೂ ಪರಸ್ಪರ ನುಂಗಿಕೊಳ್ಳುತ್ತವೆ. ಫೇಸ್ ಸ್ವಿಚ್ಚನ್ನು 0 ಮತ್ತು 180 ಡಿಗ್ರಿಗೆ ಬದಲಿಸಿ ನೋಡಿ. ಯಾವುದರಲ್ಲಿ ಬಾಸ್ ಗಿಟಾರಿನ ಪ್ರತಿ ಮೀಟೂ ಡ್ಯಾಶ್‌ಬೋರ್ಡಿನ ಕಡೆಯಿಂದ ಬಂದಂತೆ, ತುಂಬಿಕೊಂಡು ಕೇಳುತ್ತದೆಯೋ ಅದೇ ಸರಿ. ಸ್ವಿಚ್ ಇಲ್ಲದಿದ್ದರೆ ಆಂಪ್ಲಿಫೈಯರ್ ಆಫ್ ಮಾಡಿ, ಸಬ್‌ವೂಫರಿನ ಪ್ಲಸ್, ಮೈನಸ್ ತಂತಿಗಳನ್ನು ಅದಲುಬದಲು ಮಾಡಿ. ಖರ್ಚಿಲ್ಲದೆ ಇಷ್ಟು ಫಲ ಕೊಡುವ ಕೆಲಸ ನನಗೆ ಬೇರೆ ಗೊತ್ತಿಲ್ಲ.

ಇನ್ನು ಆಂಪ್ಲಿಫೈಯರಿನ ಹೊಂದಿಕೆಗಳು: ಲೋ ಪಾಸ್ (ಇದಕ್ಕಿಂತ ಮೇಲಿನ ಸ್ವರಗಳನ್ನು ತಗ್ಗಿಸುವ ಮಿತಿ) 80 ಹರ್ಟ್ಸ್, ಬಾಸ್ ಬೂಸ್ಟ್ (ಬಾಸನ್ನು ಹೆಚ್ಚಾಗಿ ಏರಿಸುವುದು) ಸೊನ್ನೆ. ಸ್ಟೀರಿಯೋ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ ಗೇನ್ (ಸ್ಟೀರಿಯೋದಿಂದ ಬರುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಗಣೆ) ನಿಧಾನವಾಗಿ ಹೆಚ್ಚಿಸಿ. ಧ್ವನಿ ಒಡೆಯತೊಡಗಿದೊಡನೆ ತುಸು ಹಿಂದಕ್ಕೆ ತಿರುಗಿಸಿ ಬಿಟ್ಟುಬಿಡಿ.

ಉಳಿದದ್ದು ತಗಡಿನ ಗಡಗಡ. ನಂಬರ್ ಪ್ಲೇಟಿನ ಹಿಂದೆ ಫೋಮ್ ಟೇಪ್, ಡಿಕ್ಕಿ ಮುಚ್ಚಳದ ಒಳಮೈಗೆ ಬ್ಯೂಟೈಲ್ ಹಾಳೆ (ಅದುರುವಿಕೆ ತಗ್ಗಿಸುವ ಅಂಟು ರಬ್ಬರ್) ಅಂಟಿಸಿ. ಪೆಟ್ಟಿಗೆಯನ್ನು ಬೆಲ್ಟ್ ಹಾಕಿ ಬಿಗಿಯಿರಿ. ಜೋರಾಗಿ ಬ್ರೇಕ್ ಹಾಕಿದಾಗ ಅದು ಸೀಟಿನ ಬೆನ್ನಿಗೆ ಅಪ್ಪಳಿಸಬಾರದು.